ಅಂಗಡಿಯ ಜತೆ ಬಂದ ಸಾಫ್ಟ್‌ವೇರ್ ಯಾರದು?

ಕಾಲೇಜಿನ ಗೇಟಿನೆದುರು ಹದಿನೈದು ವರ್ಷಗಳಿಂದ ನಡೆಯುತ್ತಿರುವ ಡಿಟಿಪಿ ಅಂಗಡಿಯೊಂದು ಮಾರಾಟಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ಮಗನಿಗೋ ಮಗಳಿಗೋ ಒಂದು ದಾರಿ ಆದೀತೆಂದು ಅಪ್ಪ ತಮ್ಮ ಪಿ.ಎಫ್. ಹಣ ತೆಗೆದು ಅದನ್ನು ಕೊಳ್ಳಲು ಮುಂದಾಗುತ್ತಾರೆ. ಐದು ಕಂಪ್ಯೂಟರ್, ಎರಡು ಪ್ರಿಂಟರ್, ಒಂದು ಜೆರಾಕ್ಸ್ ಯಂತ್ರ, ಲ್ಯಾಮಿನೇಷನ್ ಮೆಷಿನ್, ಸ್ಪೈರಲ್ ಬೈಂಡಿಂಗ್ ಸಾಮಾನು, ಮೇಜು-ಕುರ್ಚಿ. ಇಷ್ಟರ ಮೇಲೆ 'ಗುಡ್‌ವಿಲ್' ಎಂಬ ಕಣ್ಣಿಗೆ ಕಾಣದ ಬಾಬ್ತಿಗೆ ಒಂದು ಮೊತ್ತ. ಜೆರಾಕ್ಸ್ ಯಂತ್ರವನ್ನು ಮೆಕ್ಯಾನಿಕ್‌ಗೆ ತೋರಿಸುತ್ತಾರೆ. ಕಟ್ಟಡದ ಮಾಲೀಕರ ಬಳಿ ಅಡ್ವಾನ್ಸು, ಬಾಡಿಗೆ ಕರಾರಿನ ಮಾತು ಆಡುತ್ತಾರೆ. ಕರೆಂಟ್ ಬಿಲ್ ಬಾಕಿ ಇದೆಯೇ ಎಂದು ವಿಚಾರಿಸುತ್ತಾರೆ. ಆ ಐದು ಕಂಪ್ಯೂಟರುಗಳ ಒಳಗೆ ಕುಳಿತಿರುವುದು ಯಾರ ಸ್ವತ್ತು ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಕೇಳಿದರೂ ಸಿಗುವ ಉತ್ತರ ಒಂದೇ: 'ಎಲ್ಲಾ ಲೋಡ್ ಆಗಿದೆ ಸಾರ್, ನೀವು ಬಂದು ಕೂತು ಕೆಲಸ ಶುರು ಮಾಡಿದರಾಯ್ತು.' ಲೋಡ್ ಆಗಿರುವುದು ಬೇರೆ, ಲೈಸೆನ್ಸ್ ಇರುವುದು ಬೇರೆ. ವಿಂಡೋಸ್, ಆಫೀಸ್, ಟ್ಯಾಲಿ, ಫೋಟೋಶಾಪ್, ಕೋರಲ್‌ಡ್ರಾ, ಪೇಜ್‌ಮೇಕರ್, ಕನ್ನಡ ಅಕ್ಷರಗಳ ತಂತ್ರಾಂಶ - ಇವುಗಳಲ್ಲಿ ಯಾವುದನ್ನು ಹಣ ಕೊಟ್ಟು ತಂದದ್ದು, ಯಾವುದನ್ನು ಸ್ನೇಹಿತರ ಸಿ.ಡಿ.ಯಿಂದ ಹಾಕಿದ್ದು? ಹಣ ಕೊಟ್ಟದ್ದೇ ಆದರೂ ಅದು ಅಂಗಡಿಯ ಜತೆ ಹೊಸ ಮಾಲೀಕರ ಕೈಗೆ ಬರುತ್ತದೆಯೇ? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ತೊಡಕಿನದು.

ಕೊಂಡದ್ದು ಪ್ರತಿಯಲ್ಲ, ಪರವಾನಗಿ

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. 1984ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನೂ 'ಸಾಹಿತ್ಯ ಕೃತಿ'ಯ ವ್ಯಾಖ್ಯೆಯೊಳಗೆ ತರಲಾಯಿತು. ಅಂದರೆ ಕಾನೂನಿನ ಕಣ್ಣಿಗೆ ಟ್ಯಾಲಿಯೂ ಒಂದು, ಕಾದಂಬರಿಯೂ ಒಂದು! 1994ರಲ್ಲಿ ಮತ್ತೊಂದು ತಿದ್ದುಪಡಿಯಾಗಿ, 63ಬಿ ಎಂಬ ಹೊಸ ಕಲಮು ಸೇರಿತು. 1995ರ ಮೇ ತಿಂಗಳಿನಿಂದ ಅದು ಜಾರಿಗೆ ಬಂತು. ಕಳ್ಳಪ್ರತಿ ಎಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದವರಿಗೆ ಏಳು ದಿನಕ್ಕೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಗೆ ಕಡಿಮೆಯಿಲ್ಲದಂತೆ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳಿತು. ಲಾಭಕ್ಕಾಗಿ ಅಥವಾ ವ್ಯಾಪಾರದ ಭಾಗವಾಗಿ ಬಳಸಿಲ್ಲದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಕೈಬಿಡಬಹುದೆಂಬ ರಿಯಾಯಿತಿಯೂ ಅದರಲ್ಲಿದೆ. ಡಿಟಿಪಿ ಅಂಗಡಿಗೆ ಈ ರಿಯಾಯಿತಿಯಿಂದ ಪ್ರಯೋಜನವಿಲ್ಲ. ಅಂಗಡಿ ಇರುವುದೇ ವ್ಯಾಪಾರಕ್ಕೆ.

ಈ ಕಲಮಿನಲ್ಲಿ 'ತಿಳಿದೂ' ಎಂಬ ಮಾತು ಮುಖ್ಯ. ಅಂಗಡಿ ಕೈಗೆ ಬಂದ ಮರುವಾರ ಸಾಫ್ಟ್‌ವೇರ್ ಕಂಪೆನಿಯ ವಕೀಲರಿಂದ ನೋಟಿಸು ಬಂದರೆ, 'ಇದು ಹಿಂದಿನವರು ಹಾಕಿದ್ದು, ನಮಗೆ ಗೊತ್ತಿರಲಿಲ್ಲ' ಎಂದು ಹೇಳಿಕೊಳ್ಳಬಹುದು. ನೋಟಿಸು ಓದಿದ ಮೇಲೂ ಅದನ್ನೇ ಬಳಸುತ್ತಾ ಹೋದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ. ಕ್ರಿಮಿನಲ್ ಮೊಕದ್ದಮೆ ಅಲ್ಲದೆ ಸಿವಿಲ್ ದಾವೆಯ ದಾರಿಯೂ ಕಂಪೆನಿಗೆ ತೆರೆದೇ ಇರುತ್ತದೆ.

ಹಣ ಕೊಟ್ಟು ಪಡೆದ ಸಾಫ್ಟ್‌ವೇರಿನ ವಿಷಯಕ್ಕೆ ಬರೋಣ. ಕುರ್ಚಿ ಕೊಂಡವರು ಕುರ್ಚಿಯನ್ನು ಮಾರಬಹುದು, ದಾನ ಮಾಡಬಹುದು, ಮುರಿದು ಒಲೆಗೂ ಹಾಕಬಹುದು. ಸಾಫ್ಟ್‌ವೇರ್ ಕೊಂಡವರಿಗೆ ಸಿಗುವುದು ಬಳಸುವ ಅನುಮತಿ. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರ ಮಾರ್ಚ್ 2ರಂದು ಇದನ್ನೇ ವಿಸ್ತಾರವಾಗಿ ಚರ್ಚಿಸಿತು. ಅದು ಆದಾಯ ತೆರಿಗೆಯ ಜಗಳ. ಆದರೂ ಅಲ್ಲಿ ಸ್ಪಷ್ಟವಾದ ಸಂಗತಿ ಇಷ್ಟು: ಕೊನೆಯ ಗ್ರಾಹಕನಿಗೆ ದಾಟುವುದು ಬಳಕೆಯ ಹಕ್ಕೇ ಹೊರತು ಕೃತಿಸ್ವಾಮ್ಯವಲ್ಲ. ಆ ಬಳಕೆಯ ಹಕ್ಕಿನ ಎಲ್ಲೆಗಳನ್ನು ಬರೆದಿಟ್ಟಿರುವುದು, ಸಾಫ್ಟ್‌ವೇರ್ ಹಾಕುವಾಗ ಯಾರೂ ಓದದೆ 'ಒಪ್ಪಿದ್ದೇನೆ' ಎಂದು ಒತ್ತುವ ಆ ಉದ್ದನೆಯ ಕರಾರಿನಲ್ಲಿ.

ಆ ಕರಾರನ್ನು ಓದದಿದ್ದರೆ ಏನಾಗುತ್ತದೆ? ಅಮೆರಿಕದ ಒಂದು ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಒಂದು ವಾಸ್ತುಶಿಲ್ಪ ಕಚೇರಿಯ ಬಳಿ ಆಟೋಕ್ಯಾಡ್ ತಂತ್ರಾಂಶದ 14ನೇ ಆವೃತ್ತಿಯ ಹತ್ತು ಪ್ರತಿಗಳಿದ್ದವು. ಹೊಸ ಆವೃತ್ತಿ ಬಂದಾಗ, ಪೂರ್ಣ ಬೆಲೆಯಾದ 3,750 ಡಾಲರ್ ಬದಲು ತಲಾ 495 ಡಾಲರಿಗೆ ಕಚೇರಿ ಅದನ್ನು ಪಡೆಯಿತು. ಹಳೆಯ ಪ್ರತಿಗಳನ್ನು ನಾಶಮಾಡಬೇಕು ಎಂಬುದು ಈ ರಿಯಾಯಿತಿಯ ಷರತ್ತು. ಕಚೇರಿ ನಾಶ ಮಾಡಲಿಲ್ಲ. ಬೇಡದ ಸಾಮಾನಿನ ಮಾರಾಟ ನಡೆದಾಗ ಅವೂ ಹೊರಬಿದ್ದವು. 2007ರಲ್ಲಿ ವರ್ನರ್ ಎಂಬ ಸಣ್ಣ ವ್ಯಾಪಾರಿ ನಾಲ್ಕು ಪೆಟ್ಟಿಗೆ ಕೊಂಡು ಈಬೇ ಮಾರುಕಟ್ಟೆಯಲ್ಲಿ ಮಾರತೊಡಗಿದ. ಪೆಟ್ಟಿಗೆ ಅಸಲಿ, ಸಿ.ಡಿ. ಅಸಲಿ, ಚಾಲನಾ ಸಂಖ್ಯೆಯೂ ಅಸಲಿ. ಕೆಳಗಿನ ನ್ಯಾಯಾಲಯ ಆತನ ಪರವಾಗಿ ತೀರ್ಪು ಕೊಟ್ಟಿತು. ಮೇಲ್ಮನವಿಯಲ್ಲಿ 2010ರ ಸೆಪ್ಟೆಂಬರಿನಲ್ಲಿ ಅದು ತಲೆಕೆಳಗಾಯಿತು: ಆ ಕಚೇರಿಯೇ ಪ್ರತಿಗಳ ಒಡೆಯನಾಗಿರಲಿಲ್ಲ, ಬರೀ ಪರವಾನಗಿದಾರ, ತನ್ನದಲ್ಲದ್ದನ್ನು ಅದು ಮಾರಿತು, ಹಾಗಾಗಿ ಕೊಂಡವನಿಗೂ ಏನೂ ದಕ್ಕಲಿಲ್ಲ ಎಂಬ ಅರ್ಥದ ತೀರ್ಪು. ಹಳೆಯ ಕಚೇರಿಯ ಸಾಮಾನು ಕೊಳ್ಳುವ ಯಾರಾದರೂ ಆ ವರ್ನರ್‌ನ ಜಾಗದಲ್ಲಿ ತಮ್ಮನ್ನು ಊಹಿಸಿಕೊಳ್ಳಬಹುದು.

ಯೂರೋಪಿನ ನ್ಯಾಯಾಲಯ ಇದಕ್ಕೆ ತೀರಾ ಬೇರೆಯಾಗಿ ಹೇಳಿತು. ಒರೇಕಲ್ ಕಂಪೆನಿಯ ಹಳೆಯ ಲೈಸೆನ್ಸುಗಳನ್ನು ಮಾರುತ್ತಿದ್ದ ಯೂಸ್ಡ್‌ಸಾಫ್ಟ್ ಎಂಬ ಜರ್ಮನ್ ಸಂಸ್ಥೆಯ ಪ್ರಕರಣದಲ್ಲಿ 2012ರ ಜುಲೈ 3ರ ತೀರ್ಪು: ಕಾಲಮಿತಿಯಿಲ್ಲದೆ, ಪೂರ್ಣ ಬೆಲೆಗೆ ಕೊಂಡ ಲೈಸೆನ್ಸನ್ನು ಮರುಮಾರಾಟ ಮಾಡಬಹುದು. ಆದರೆ ಮಾರಿದವರು ತಮ್ಮ ಪ್ರತಿಯನ್ನು ಅಳಿಸಬೇಕು. 25 ಮಂದಿಯ ಲೈಸೆನ್ಸಿನಲ್ಲಿ ಹತ್ತನ್ನು ಮಾತ್ರ ಕತ್ತರಿಸಿ ಮಾರುವಂತಿಲ್ಲ. ಒಂದೇ ಸಾಫ್ಟ್‌ವೇರು, ಸಾಗರದ ಆಚೆ ಒಂದು ನ್ಯಾಯ, ಈಚೆ ಇನ್ನೊಂದು. ಈ ತೀರ್ಪುಗಳಾವುವೂ ನಮ್ಮ ಊರಿನ ಅಂಗಡಿಯನ್ನು ಕಟ್ಟಿಹಾಕುವುದಿಲ್ಲ. ಇಲ್ಲಿ ಬುದ್ಧಿವಂತಿಕೆಯ ದಾರಿಯೆಂದರೆ ಕರಾರು ಓದುವುದು, ಕಂಪೆನಿಗೆ ಬರೆದು ಕೇಳುವುದು, ಉತ್ತರವನ್ನು ಕಾಗದದಲ್ಲಿ ಪಡೆಯುವುದು.

ಯಾವುದು ಬರುತ್ತದೆ, ಯಾವುದು ಉಳಿಯುತ್ತದೆ?

ಕಂಪ್ಯೂಟರಿನ ಜತೆಯಲ್ಲೇ ಬಂದ ವಿಂಡೋಸ್‌ಗೆ 'ಓಇಎಂ' ಲೈಸೆನ್ಸ್ ಎನ್ನುತ್ತಾರೆ. ಅದು ಆ ಯಂತ್ರಕ್ಕೆ ಅಂಟಿಕೊಂಡದ್ದು. ಯಂತ್ರ ಕೈ ಬದಲಾದರೆ ಅದೂ ಜತೆಗೆ ಹೋಗುತ್ತದೆ. ಇನ್ನೊಂದು ಯಂತ್ರಕ್ಕೆ ಮಾತ್ರ ಹಾರುವುದಿಲ್ಲ. ಹಿಂದೆ ಸಿಪಿಯು ಡಬ್ಬಿಯ ಮೇಲೆ ಅದರ ಅಂಟುಚೀಟಿ ಇರುತ್ತಿತ್ತು. ವಿಂಡೋಸ್ 8ರ ಕಾಲದಿಂದ ಕೀ ಸಂಖ್ಯೆ ಮದರ್‌ಬೋರ್ಡಿನೊಳಗೇ ಕುಳಿತಿರುತ್ತದೆ. ಹೆಸರಾಂತ ಕಂಪೆನಿಯ ಯಂತ್ರವಾದರೆ ಈ ಬಗ್ಗೆ ಅಷ್ಟು ಚಿಂತೆಯಿಲ್ಲ. ನಮ್ಮ ಸಣ್ಣ ಊರುಗಳ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಬಿಡಿಭಾಗ ತಂದು 'ಅಸೆಂಬಲ್' ಮಾಡಿದ ಯಂತ್ರಗಳು. ಅವುಗಳೊಳಗಿನ ವಿಂಡೋಸ್‌ಗೆ ಬೇರೆ ಬಿಲ್ಲು ಇರಲೇಬೇಕು. ಬಿಲ್ಲು ಇಲ್ಲವೆಂದರೆ ಉಳಿದದ್ದನ್ನು ಊಹಿಸಬಹುದು.

ಇದನ್ನು ಅಲ್ಲೇ ನಿಂತು ಪರೀಕ್ಷಿಸುವ ಉಪಾಯವೂ ಇದೆ. 'ರನ್' ಪೆಟ್ಟಿಗೆ ತೆರೆದು ಎಸ್-ಎಲ್-ಎಂ-ಜಿ-ಆರ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಡಿ-ಎಲ್-ಐ ಎಂದು ಬರೆದು ಎಂಟರ್ ಕೊಟ್ಟರೆ ಸಣ್ಣದೊಂದು ಚೌಕ ಮೂಡುತ್ತದೆ. ಅಲ್ಲಿ ಓಇಎಂ, ರೀಟೇಲ್, ವಾಲ್ಯೂಮ್ ಎಂಬ ಮೂರರಲ್ಲಿ ಯಾವುದೋ ಒಂದು ಮಾತು ಇರುತ್ತದೆ. ರೀಟೇಲ್ ಎಂದರೆ ಪೆಟ್ಟಿಗೆಯಲ್ಲಿ ಬಿಡಿಯಾಗಿ ಕೊಂಡದ್ದು. ವಾಲ್ಯೂಮ್ ಎಂದರೆ ಸಂಸ್ಥೆಗಳು ಸಗಟಾಗಿ ಪಡೆಯುವಂಥದ್ದು. ಐದು ಕಂಪ್ಯೂಟರಿನ ಅಂಗಡಿಯಲ್ಲಿ 'ವಾಲ್ಯೂಮ್, ಕೆಎಂಎಸ್' ಎಂದು ಕಂಡರೆ ಕಿವಿ ನೆಟ್ಟಗಾಗಬೇಕು. ಕೆಎಂಎಸ್ ಎಂಬುದು ದೊಡ್ಡ ಸಂಸ್ಥೆಗಳ ಒಳಗೆ ತಮ್ಮದೇ ಸರ್ವರ್ ಇಟ್ಟುಕೊಂಡು 180 ದಿನಕ್ಕೊಮ್ಮೆ ಮಾನ್ಯತೆ ನವೀಕರಿಸುವ ಏರ್ಪಾಡು. ಕಳ್ಳದಾರಿಯಲ್ಲಿ ವಿಂಡೋಸ್ ನಡೆಸುವವರು ಅಣಕಿಸುವುದು ಇದನ್ನೇ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ 'ಜೀವಮಾನದ ಕೀ'ಗಳ ಬಗ್ಗೆಯೂ ಎಚ್ಚರ ಬೇಕು. ಕೀ ಕೆಲಸ ಮಾಡಿತೆಂದರೆ ಅದು ಲೈಸೆನ್ಸ್ ಎಂದಲ್ಲ; ನಕಲಿ ಬೀಗದ ಕೈಯೂ ಬಾಗಿಲು ತೆರೆಯುತ್ತದೆ.

ಲೆಕ್ಕಪತ್ರದ ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯ ಕೂಸು. ಒಂದೇ ಕಂಪ್ಯೂಟರಿಗೆ 'ಸಿಲ್ವರ್', ಜಾಲದಲ್ಲಿರುವ ಹಲವಕ್ಕೆ 'ಗೋಲ್ಡ್' ಎಂದು ಎರಡು ಬಗೆ. ಐದು ಕಡೆ ಟ್ಯಾಲಿ ಓಡುತ್ತಿದ್ದು ಕೈಯಲ್ಲಿ ಒಂದು ಸಿಲ್ವರ್ ಬಿಲ್ಲು ಇದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ಸೀರಿಯಲ್ ಸಂಖ್ಯೆಗೆ ಜೋಡಿಸಿರುವ ಇ-ಮೇಲ್ ವಿಳಾಸ. ಅದು ಮಾರುವವರ ಸ್ವಂತ ಇ-ಮೇಲ್ ಆಗಿದ್ದರೆ, ಮುಂದೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ ದಿನ ಅವರ ಮನೆ ಬಾಗಿಲು ತಟ್ಟಬೇಕಾಗುತ್ತದೆ. ಅವರು ದುಬೈನಲ್ಲಿರುವ ಮಗನ ಮನೆಗೆ ಹೋಗಿದ್ದರೆ? ಹಣ ಕೊಡುವ ಮೊದಲೇ ಲೈಸೆನ್ಸ್ ವರ್ಗಾವಣೆಯ ಕ್ರಮವನ್ನು ಕಂಪೆನಿಯನ್ನೋ ಅದರ ಅಧಿಕೃತ ಮಾರಾಟಗಾರರನ್ನೋ ಕೇಳಿ, ಇ-ಮೇಲ್, ಮೊಬೈಲ್ ಸಂಖ್ಯೆ ಬದಲಾಯಿಸಿಕೊಳ್ಳುವುದು ಕ್ಷೇಮ.

ಚಂದಾ ಪದ್ಧತಿಯವು ಬೇರೆ ಜಾತಿ. ಅಡೋಬಿ 2013ರಿಂದ ಪೆಟ್ಟಿಗೆ ಮಾರಾಟಕ್ಕೆ ಬೆನ್ನು ತಿರುಗಿಸಿ ತಿಂಗಳ ಚಂದಾಕ್ಕೆ ಹೊರಳಿತು. ಮಾರುವವರ ಕಾರ್ಡಿನಿಂದ ಹಣ ಕಡಿತವಾಗುವವರೆಗೆ ಫೋಟೋಶಾಪ್ ನಡೆಯುತ್ತದೆ, ನಿಂತ ಮೇಲೆ ಅದೂ ನಿಲ್ಲುತ್ತದೆ. 'ಫೋಟೋಶಾಪ್ ಸಹಿತ' ಎಂದು ಅಂಗಡಿಯ ಬೆಲೆಯಲ್ಲಿ ಅದನ್ನು ಸೇರಿಸುವುದು ಮುಂದಿನ ತಿಂಗಳ ಹಾಲಿನ ಕಾರ್ಡನ್ನು ಮನೆಯ ಬೆಲೆಗೆ ಸೇರಿಸಿದ ಹಾಗೆ. ಇಲ್ಲಿ ಪರಿಹಾರ ಸುಲಭ: ಹೊಸ ಮಾಲೀಕರು ತಮ್ಮದೇ ಚಂದಾ ತೆರೆಯುವುದು, ಆ ವೆಚ್ಚವನ್ನು ಮಾತುಕತೆಯಲ್ಲೇ ಲೆಕ್ಕ ಹಿಡಿಯುವುದು.

ಇದಕ್ಕೆಲ್ಲ ವ್ಯತಿರಿಕ್ತವಾದದ್ದು ಮುಕ್ತ ತಂತ್ರಾಂಶ. ಲಿನಕ್ಸ್, ಜಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಮೊದಲಾದವು ಜಿಪಿಎಲ್ ಎಂಬ ಪರವಾನಗಿಯಡಿ ಬರುತ್ತವೆ. ಪ್ರತಿ ಯಾರ ಕೈಗೆ ಬಂದರೂ ಮೂಲ ಲೇಖಕರಿಂದಲೇ ನೇರವಾಗಿ ಅನುಮತಿ ಸಿಕ್ಕಂತೆ. ವರ್ಗಾವಣೆಯ ಪ್ರಶ್ನೆಯೇ ಏಳುವುದಿಲ್ಲ.

ಪೇಜ್‌ಮೇಕರ್ ಫೈಲುಗಳ ಕಗ್ಗಂಟು

ಕನ್ನಡದ ಡಿಟಿಪಿ ಅಂಗಡಿ ಕೊಳ್ಳುವವರು ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಇಂಥ ಅಂಗಡಿಯ ನಿಜವಾದ ಆಸ್ತಿ ಯಂತ್ರಗಳಲ್ಲ, ಹಳೆಯ ಫೈಲುಗಳು. ಹದಿನೈದು ವರ್ಷಗಳ ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಕಾಲೇಜಿನ ವಾರ್ಷಿಕ ಸಂಚಿಕೆ. 'ಹೋದ ವರ್ಷದ್ದೇ ತೆಗೆದು ತಾರೀಕು ಬದಲಾಯಿಸಿ ಕೊಡಿ' ಎಂದು ಬರುವ ಗಿರಾಕಿಯೇ ಗುಡ್‌ವಿಲ್. ಆ ಫೈಲು ತೆರೆಯದಿದ್ದರೆ ಗುಡ್‌ವಿಲ್‌ಗೆ ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು.

ಈ ಫೈಲುಗಳಲ್ಲಿ ಬಹುಪಾಲು ಇರುವುದು ಪೇಜ್‌ಮೇಕರಿನಲ್ಲಿ. ಆಲ್ಡಸ್ ಎಂಬ ಕಂಪೆನಿ 1985ರಲ್ಲಿ ತಂದ ಈ ತಂತ್ರಾಂಶ 1994ರಲ್ಲಿ ಅಡೋಬಿಯ ಕೈಸೇರಿತು. 2001ರಲ್ಲಿ ಬಂದ 7ನೇ ಆವೃತ್ತಿಯ ನಂತರ ಹೊಸ ದೊಡ್ಡ ಆವೃತ್ತಿ ಬರಲಿಲ್ಲ. ಆದರೂ ನಮ್ಮ ಮುದ್ರಣಾಲಯಗಳು ಅದನ್ನು ಬಿಡಲಿಲ್ಲ. ಕೈಗೆ ಪಳಗಿದ ಹತಾರವನ್ನು ಬಡಗಿ ಬಿಟ್ಟಾನೆಯೇ? ಆದರೆ ಅದನ್ನು ಇಂದು ಅಂಗಡಿಯಲ್ಲಿ ಹೊಸದಾಗಿ ಕೊಳ್ಳಲಾಗದು. ಹಳೆಯ ಪೆಟ್ಟಿಗೆ, ಸೀರಿಯಲ್ ಸಂಖ್ಯೆ, ಬಿಲ್ಲು ಕಳೆದುಹೋಗಿದ್ದರೆ ಅದು ಸಕ್ರಮದ್ದೆಂದು ತೋರಿಸಲು ದಾರಿಯಿಲ್ಲ. ಹೊಸದನ್ನು ಕೊಂಡು ಸಕ್ರಮ ಮಾಡಿಕೊಳ್ಳಲೂ ಆಗದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತಿದ್ದದ್ದು ಸಿಎಸ್6 ಆವೃತ್ತಿಯವರೆಗೆ ಮಾತ್ರ. ಚಂದಾ ಪದ್ಧತಿಯ ಆವೃತ್ತಿಗಳು ಅವನ್ನು ನೇರವಾಗಿ ತೆರೆಯುವುದಿಲ್ಲ. ಅಂದರೆ ಆ ಹಳೆಯ ಸಿಎಸ್6 ಲೈಸೆನ್ಸು ಅಂಗಡಿಯಲ್ಲಿ ನಿಜಕ್ಕೂ ಇದ್ದರೆ ಅದರ ಬೆಲೆ ದೊಡ್ಡದು.

ಅಡೋಬಿಯ ಹಳೆಯ ತಂತ್ರಾಂಶ ಎಂದೊಡನೆ 'ಸಿಎಸ್2 ಫ್ರೀ ಅಲ್ಲವೇ' ಎನ್ನುವವರೂ ಇದ್ದಾರೆ. ಆ ಆವೃತ್ತಿಯ ಚಾಲನೆಗೆ ಬೇಕಿದ್ದ ಸರ್ವರನ್ನು ಮುಚ್ಚಿದಾಗ, ಅದಾಗಲೇ ಕೊಂಡವರಿಗೆ ತೊಂದರೆಯಾಗದಿರಲೆಂದು ಚಾಲನೆ ಬೇಡದ ಪ್ರತಿಯೊಂದನ್ನು ಕಂಪೆನಿ ತನ್ನ ತಾಣದಲ್ಲಿಟ್ಟಿತು. 2013ರ ಆರಂಭದಲ್ಲಿ ಇದು ಸುದ್ದಿಯಾಗಿ, ಜಗತ್ತೆಲ್ಲ ಉಚಿತವೆಂದು ಇಳಿಸಿಕೊಂಡಿತು. ಇದು ಉಚಿತ ಕೊಡುಗೆಯಲ್ಲ, ಲೈಸೆನ್ಸ್ ಉಳ್ಳವರಿಗೆ ಮಾತ್ರ ಎಂದು ಕಂಪೆನಿ ಸ್ಪಷ್ಟನೆ ಕೊಡಬೇಕಾಯಿತು.

ಇನ್ನು ಅಕ್ಷರಗಳ ಮಾತು. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ - ಯೂನಿಕೋಡ್ ಬರುವ ಮೊದಲು ಇವೆಲ್ಲ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದವು, ಒಂದೊಂದೂ ಒಂದೊಂದು ಕ್ರಮದಲ್ಲಿ. ತಕ್ಕ ಫಾಂಟ್ ಇಲ್ಲದೆ ಫೈಲು ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟ್ ಕೂಡ ಸಾಫ್ಟ್‌ವೇರೇ, ಅದಕ್ಕೂ ಲೈಸೆನ್ಸ್ ಉಂಟು ಎಂಬುದು ಹಲವರಿಗೆ ತಿಳಿಯದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯನ್ನು ಸರ್ಕಾರ ಉಚಿತವಾಗಿ ಹಂಚಿದ್ದರಿಂದ ಅಲ್ಲಿ ಭಯವಿಲ್ಲ. ಹಣ ಕೊಟ್ಟು ತಂದ ತಂತ್ರಾಂಶಗಳಲ್ಲಿ ಕೆಲವಕ್ಕೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಪುಟ್ಟ ಡಾಂಗಲ್ ಬೇಕು. ಹೆಬ್ಬೆರಳಿನಷ್ಟಿರುವ ಆ ವಸ್ತುವೇ ಲೈಸೆನ್ಸು. ಸಾಮಾನಿನ ಪಟ್ಟಿಯಲ್ಲಿ ಸ್ಟೂಲು, ಫ್ಯಾನು ಎಲ್ಲ ಇದ್ದು ಡಾಂಗಲ್ ಬಿಟ್ಟುಹೋಗಿದ್ದರೆ ನಷ್ಟ ಯಾರಿಗೆ?

ವಿದ್ಯಾರ್ಥಿಗಳ ಪ್ರತಿ

ಕಾಲೇಜಿನಿಂದ ನೇರವಾಗಿ ವ್ಯಾಪಾರಕ್ಕೆ ಇಳಿಯುವವರು ಎಡವುವ ಜಾಗ ಇನ್ನೊಂದಿದೆ. ಆಟೋಡೆಸ್ಕ್‌ನಂಥ ಕಂಪೆನಿಗಳು ವಿದ್ಯಾರ್ಥಿಗಳಿಗೆ ತಮ್ಮ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತವೆ. ಅದು ಪೂರ್ಣ ಅಸಲಿ, ಆದರೆ ಕಲಿಕೆಗೆ ಮಾತ್ರ. ಅದರಲ್ಲೇ ಮನೆಯ ನಕ್ಷೆ ಬರೆದು ಗಿರಾಕಿಯಿಂದ ಹಣ ಪಡೆದರೆ ಕರಾರು ಮುರಿದಂತೆ. ಆಟೋಕ್ಯಾಡ್‌ನ ಕೆಲವು ಆವೃತ್ತಿಗಳು ವಿದ್ಯಾರ್ಥಿ ಪ್ರತಿಯಲ್ಲಿ ತೆಗೆದ ನಕ್ಷೆಯ ಅಂಚಿಗೆ ಆ ಸಂಗತಿಯನ್ನು ತಾವೇ ಅಚ್ಚು ಹಾಕುತ್ತಿದ್ದವು! ಮಾರಾಟಕ್ಕಿರುವ ನಕ್ಷೆ ಕಚೇರಿಯ ಕಂಪ್ಯೂಟರಿನಲ್ಲಿ ಯಾವನೋ ಹಳೆಯ ಸಹಾಯಕನ ಕಾಲೇಜು ಇ-ಮೇಲಿನಿಂದ ಪಡೆದ ಪ್ರತಿ ಇರುವುದು ಅಸಂಭವವೇನಲ್ಲ.

ಕಾಗದದಲ್ಲಿ ಹಿಡಿಯುವುದು

ಅಂಗಡಿ ಒಬ್ಬರ ಸ್ವಂತ ಹೆಸರಿನಲ್ಲಿದ್ದರೆ ಲೈಸೆನ್ಸೂ ಆ ವ್ಯಕ್ತಿಯದೇ. ಅಂಗಡಿಯ ಬೋರ್ಡು ಹಾಗೇ ಇದ್ದರೂ ಕಾನೂನಿಗೆ ಹೊಸ ಮಾಲೀಕ ಹೊಸಬನೇ. ಪ್ರೈವೇಟ್ ಲಿಮಿಟೆಡ್ ಕಂಪೆನಿಯ ಷೇರುಗಳನ್ನು ಕೊಂಡಾಗ ಲೈಸೆನ್ಸುದಾರ ಅದೇ ಕಂಪೆನಿಯಾಗಿ ಉಳಿಯುತ್ತದೆ. ಮಾಲೀಕತ್ವ ಬದಲಾದರೆ ತಿಳಿಸಬೇಕೆಂಬ ಷರತ್ತು ಇದೆಯೇ ಎಂದು ಮಾತ್ರ ನೋಡಬೇಕು. ಅದರ ಜತೆ ಕಂಪೆನಿಯ ಹಳೆಯ ತಪ್ಪುಗಳೂ ಬೆನ್ನಿಗೇರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಪರಿಶೀಲನೆಗೆ ಒಂದು ಭಾನುವಾರ ಸಾಕು. ಪ್ರತಿ ಕಂಪ್ಯೂಟರಿನ ಮುಂದೆ ಕುಳಿತು ಒಳಗಿರುವ ತಂತ್ರಾಂಶಗಳ ಪಟ್ಟಿ ಬರೆಯುವುದು, ಎದುರಿಗೆ ಬಿಲ್ಲು, ಸೀರಿಯಲ್ ಸಂಖ್ಯೆ, ಯಾರ ಹೆಸರು, ಯಾವ ಇ-ಮೇಲ್ ಎಂದು ತುಂಬುವುದು. ಕಂಪ್ಯೂಟರ್ ಓದುತ್ತಿರುವ ಮಗನೋ ಮಗಳೋ ಈ ಕೆಲಸವನ್ನು ಹಿರಿಯರಿಗಿಂತ ಚೆನ್ನಾಗಿ ಮಾಡಿಯಾರು. 2017ರ ಜುಲೈ ನಂತರದ ಬಿಲ್ಲಾದರೆ ಅದರಲ್ಲಿ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಅದನ್ನು ಜಿಎಸ್‌ಟಿ ತಾಣದಲ್ಲಿ ಹಾಕಿದರೆ ಮಾರಿದ ಅಂಗಡಿ ನಿಜವೋ ಅಲ್ಲವೋ ಗೊತ್ತಾಗುತ್ತದೆ. ಮಾರುವವರ ಆಸ್ತಿ-ಹೊಣೆ ಪಟ್ಟಿ ಸಿಕ್ಕರೆ ಅದನ್ನೂ ನೋಡಬೇಕು. ಹದಿನೈದು ವರ್ಷಗಳಲ್ಲಿ ಸಾಫ್ಟ್‌ವೇರ್ ಕೊಂಡ ಒಂದೂ ನಮೂದಿಲ್ಲದಿದ್ದರೆ ಮಾತು ಬೆಳೆಸುವ ಅಗತ್ಯವಿಲ್ಲ.

ಬಿಲ್ಲು ಸಿಗದವುಗಳ ಇಂದಿನ ಬೆಲೆ ಕೂಡಿ, ಆ ಮೊತ್ತವನ್ನು ಅಂಗಡಿಯ ಬೆಲೆಯಿಂದ ಕಳೆಯಲು ಕೇಳುವುದು ನ್ಯಾಯವೇ. ಬಹಳ ಮಾರುವವರು ಇದಕ್ಕೆ ಮುಖ ಸಿಂಡರಿಸಬಹುದು, 'ಎಲ್ಲರೂ ಹೀಗೇ ಸಾರ್' ಎನ್ನಬಹುದು. ಒಪ್ಪಂದದ ಛಾಪಾ ಕಾಗದಕ್ಕೆ ತಂತ್ರಾಂಶಗಳ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿ, ಪಟ್ಟಿಯಲ್ಲಿರುವುದು ಸಕ್ರಮದ್ದೆಂದೂ ಹಸ್ತಾಂತರದ ದಿನಕ್ಕಿಂತ ಹಿಂದಿನ ಬಳಕೆಗೆ ನೋಟಿಸು ಬಂದರೆ ಅದರ ನಷ್ಟ ತಮ್ಮದೆಂದೂ ಅವರಿಂದ ಬರೆಸಿಕೊಳ್ಳಬೇಕು. ವಕೀಲರಿಗೆ ಇದು ಎರಡು ಸಾಲಿನ ಕೆಲಸ. ಬೆಲೆಯಲ್ಲಿ ಸ್ವಲ್ಪ ಭಾಗವನ್ನು, ಲೈಸೆನ್ಸುಗಳು ಹೊಸ ಹೆಸರಿಗೆ ಬದಲಾಗುವವರೆಗೆ ತಡೆಹಿಡಿಯುವ ಮಾತು ಮುಂಗಡ ಕೊಡುವ ಮೊದಲೇ ಆಗಬೇಕು, ಕೊಟ್ಟ ಮೇಲಲ್ಲ.

ಅಕ್ರಮವೆಂದು ಗೊತ್ತಾದ ಪ್ರತಿಗಳನ್ನು ಅಂಗಡಿ ಕೈಗೆ ಬಂದ ದಿನವೇ ತೆಗೆದುಹಾಕುವುದು ಸರಿಯಾದ ಕ್ರಮ. ಅದಕ್ಕೆ ಮೊದಲು ಹಳೆಯ ಫೈಲುಗಳಲ್ಲಿ ಮುಖ್ಯವಾದವನ್ನು ಮಾರುವವರಿಂದಲೇ ಪಿಡಿಎಫ್ ಮಾಡಿಸಿಕೊಳ್ಳಬೇಕು. ತಿದ್ದಲು ಬಾರದಿದ್ದರೂ ನೋಡಿ ಮತ್ತೆ ಟೈಪ್ ಮಾಡಲು ಬರುತ್ತದೆ. ಮಾರಿದವರ ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಲೈಸೆನ್ಸಿನ ಪ್ರತಿ ಉಳಿದಿದ್ದರೆ ಅದನ್ನು ಅಳಿಸಿಕೊಡುವ ಮಾತೂ ಒಪ್ಪಂದದಲ್ಲಿರಲಿ. ಇಲ್ಲವಾದರೆ ಆಡಿಟ್ ಸೀಸನ್‌ನಲ್ಲಿ ಇಬ್ಬರೂ ಒಟ್ಟಿಗೆ ಟ್ಯಾಲಿ ತೆರೆಯಲು ಹೊರಟಾಗ ಒಬ್ಬರ ಪರದೆ ಮುಷ್ಕರ ಹೂಡುತ್ತದೆ.